ಬೇಟೆಯ ಬಿಲ್ಲಿಗೆ ಇನ್ನು ವೇಗ ಬೇಕಿಲ್ಲ

ಸಂಡೂರಿನ ಅದಿರು ಹೊತ್ತು ಬರುವ ಲಾರಿಗಳಿಗೆ ಪದೇ ಪದೇ ತಗಲುವ ಕಾಯಿಲೆ ಒಂದಿದೆ: ಕಮಾನು ಮುರಿಯುವುದು. ಹೆದ್ದಾರಿಯ ಬದಿಯಲ್ಲಿ ಲಾರಿಯನ್ನು ಜಾಕಿನ ಮೇಲೆ ಎತ್ತಿ, ಒಂದರ ಮೇಲೊಂದು ಜೋಡಿಸಿದ ಉಕ್ಕಿನ ಪಟ್ಟಿಗಳನ್ನು ಬಿಚ್ಚಿ ಹರವಿಕೊಂಡು ಕುಳಿತ ಮೇಸ್ತ್ರಿಗಳನ್ನು ಬಳ್ಳಾರಿಯವರೆಲ್ಲ ನೋಡಿಯೇ ಇರುತ್ತಾರೆ. ಅವರು ದಿನಕ್ಕೆ ನೂರು ಬಾರಿ ಆಡುವ ಆ ಕಮಾನು ಎಂಬ ಮಾತು ಪಾರ್ಸಿಯಿಂದ ಬಂದದ್ದು. ಅಲ್ಲಿ ಅದರ ಅರ್ಥ ಬಿಲ್ಲು.

ಹೆಸರು ಕೊಟ್ಟವರು ಸರಿಯಾಗಿಯೇ ಕೊಟ್ಟಿದ್ದಾರೆ. ಬಿಲ್ಲು ಎಂದರೆ ಒಂದು ಸ್ಪ್ರಿಂಗ್, ಅಷ್ಟೇ. ತೋಳು ನಿಧಾನವಾಗಿ ತುಂಬಿದ ಶಕ್ತಿಯನ್ನು ಹಿಡಿದಿಟ್ಟುಕೊಂಡು, ಬೆರಳು ಸಡಿಲಿಸಿದೊಡನೆ ಕಣ್ಣು ಮಿಟುಕಿಸುವುದರೊಳಗೆ ಬಾಣಕ್ಕೆ ದಾಟಿಸುವ ಸ್ಪ್ರಿಂಗ್. ಪಟ್ಟಿಯ ಮೇಲೆ ಪಟ್ಟಿ ಕೂಡಿಸುವ ಉಪಾಯವೂ ಲಾರಿಗಿಂತ ಬಹಳ ಹಳೆಯದು. ಎಳೆದರೆ ಜಗ್ಗುವ ಪ್ರಾಣಿಯ ನರವನ್ನು ಬಿಲ್ಲಿನ ಬೆನ್ನಿಗೆ, ಒತ್ತಿದರೆ ತಡೆಯುವ ಕೊಂಬನ್ನು ಹೊಟ್ಟೆಗೆ, ನಡುವೆ ಮರವನ್ನು ಇಟ್ಟು ಅಂಟಿಸಿದ ಬಿಲ್ಲುಗಳು ಏಷ್ಯಾದ ಉದ್ದಗಲಕ್ಕೂ ಇದ್ದವು. ವಿಷ್ಣುವಿನ ಬಿಲ್ಲಿಗೆ ಶಾರ್ಙ್ಗ ಎಂಬ ಹೆಸರಿದೆ. ಶೃಂಗದಿಂದ, ಅಂದರೆ ಕೊಂಬಿನಿಂದ ಆದದ್ದು ಎಂದು ಅದರ ಅರ್ಥ. ಎರಡನೆಯ ಮಹಾಯುದ್ಧದ ನಂತರ ಕೊಂಬು ಮತ್ತು ನರದ ಜಾಗಕ್ಕೆ ಗಾಜಿನ ನಾರು ಬಂತು, ಆಮೇಲೆ ಕಾರ್ಬನ್ ನಾರು ಬಂತು. ಸಾಮಗ್ರಿ ಬದಲಾಯಿತು, ಉಪಾಯ ಹಾಗೆಯೇ ಉಳಿಯಿತು.

ಉಪಾಯವೇ ಬದಲಾದದ್ದು 1960ರ ದಶಕದಲ್ಲಿ. ಅಮೆರಿಕದ ಮಿಸ್ಸೌರಿ ರಾಜ್ಯದ ಹಾಲೆಸ್ ವಿಲ್ಬರ್ ಅಲೆನ್ ಎಂಬಾತ ಬಿಲ್ಲಿನ ಎರಡೂ ತುದಿಗೆ ರಾಟೆ ಕಟ್ಟಿದ. 1966ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದ. 1969ರ ಡಿಸೆಂಬರಿನಲ್ಲಿ ಅದು ಕೈಸೇರಿತು. ಇಂದು ಜಗತ್ತಿನಲ್ಲಿ ಬೇಟೆಗೆಂದು ಮಾರಾಟವಾಗುವ ಕಾಂಪೌಂಡ್ ಬಿಲ್ಲುಗಳೆಲ್ಲ ಆ ರಾಟೆಯ ಮಕ್ಕಳು, ಮೊಮ್ಮಕ್ಕಳು. ಮುಂದೇನಾಗಬಹುದು ಎಂದು ಊಹಿಸುವ ಮೊದಲು ಈ ರಾಟೆಯನ್ನು ಅರ್ಥ ಮಾಡಿಕೊಳ್ಳಬೇಕು.

ಬಾವಿಯ ಗಡಗಡೆಯನ್ನು ನೆನಪಿಸಿಕೊಳ್ಳಿ. ಅದರ ಅಚ್ಚು ನಟ್ಟನಡುವೆ ಇರುತ್ತದೆ. ಹಾಗಾಗಿ ಹಗ್ಗವನ್ನು ಎಷ್ಟು ಎಳೆದರೂ ಕೊಡದ ಭಾರ ಮೊದಲಿನಿಂದ ಕೊನೆಯವರೆಗೆ ಒಂದೇ. ಈಗ ಅದೇ ಗಡಗಡೆಯ ಅಚ್ಚನ್ನು ಅಂಚಿನ ಕಡೆಗೆ ಸರಿಸಿ ಕೂಡಿಸಿದರೆ? ಸುತ್ತುವಾಗ ಹಗ್ಗಕ್ಕೂ ಅಚ್ಚಿಗೂ ನಡುವಿನ ದೂರ ಒಮ್ಮೆ ಹಿಗ್ಗುತ್ತದೆ, ಒಮ್ಮೆ ಕುಗ್ಗುತ್ತದೆ. ಹಾರೆ ಹಾಕಿ ಬಂಡೆ ಎಬ್ಬಿಸುವವರಿಗೆ ಇದು ಗೊತ್ತಿರುವ ಲೆಕ್ಕ: ಕೈ ಹಿಡಿದ ತುದಿ ಉದ್ದವಾದಷ್ಟೂ ಬಂಡೆ ಹಗುರ. ಕಾಂಪೌಂಡ್ ಬಿಲ್ಲಿನ ರಾಟೆಯಲ್ಲಿ ಎರಡು ಜಾಡುಗಳಿವೆ. ಒಂದರಲ್ಲಿ ಹೆದೆ, ಇನ್ನೊಂದರಲ್ಲಿ ಬಿಲ್ಲಿನ ತೋಳನ್ನು, ಅಂದರೆ ಅದರ ಬಾಗುವ ಪಟ್ಟಿಯನ್ನು, ಬಗ್ಗಿಸುವ ಕೇಬಲ್. ಹೆದೆಯನ್ನು ಎಳೆಯುತ್ತ ಹೋದಂತೆ ರಾಟೆ ಸುತ್ತುತ್ತದೆ. ಕೊನೆಗೆ ಬರುವಷ್ಟರಲ್ಲಿ ಹೆದೆಯ ಕಡೆಯ ಹಾರೆ ಉದ್ದವಾಗಿ, ಕೇಬಲಿನ ಕಡೆಯದು ಗಿಡ್ಡವಾಗಿರುತ್ತದೆ. ಈ ಗುಂಡಗಲ್ಲದ ಓರೆ ರಾಟೆಗೆ ಕ್ಯಾಮ್ ಎನ್ನುತ್ತಾರೆ.

ಇದರಿಂದ ಆಗುವ ಲಾಭ ಎರಡು. ಮೊದಲನೆಯದು ಬಿಲ್ಲುಗಾರನ ತೋಳಿಗೆ. 70 ಪೌಂಡಿನ ಬಿಲ್ಲು ಎಂದರೆ ಅದನ್ನು ಎಳೆಯಲು ಬೇಕಾಗುವ ಬಲ ಸುಮಾರು 32 ಕಿಲೋ; ತುಂಬಿದ ಎರಡು ಕೊಡ ನೀರಿನ ಭಾರ. ಹಳೆಯ ಬಿಲ್ಲಿನಲ್ಲಿ ಪೂರ್ತಿ ಎಳೆದು ನಿಂತಾಗ, ಅಂದರೆ ಗುರಿ ನೋಡುವ ಹೊತ್ತಿಗೇ, ಭಾರ ಅತಿ ಹೆಚ್ಚು. ಕೈ ನಡುಗದೆ ಏನು ಮಾಡೀತು? ಕಾಂಪೌಂಡಿನಲ್ಲಿ ನಡುದಾರಿಯಲ್ಲಿ ಎರಡು ಕೊಡ ಎಳೆದರೂ ಕೊನೆಯಲ್ಲಿ ನೂರರಲ್ಲಿ 80 ಭಾಗ ಇಳಿದುಬಿಡುತ್ತದೆ. ಉಳಿಯುವುದು ಆರು ಕಿಲೋ ಚಿಲ್ಲರೆ, ಅರ್ಧ ಕೊಡಕ್ಕಿಂತ ಕಡಿಮೆ. ಎರಡನೆಯ ಲಾಭ ಬಾಣಕ್ಕೆ. ಹಳೆಯ ಬಿಲ್ಲಿನಲ್ಲಿ ಬಲ ಸೊನ್ನೆಯಿಂದ ಏರುತ್ತ ಹೋಗುತ್ತದೆ. ಕಾಗದದ ಮೇಲೆ ಗೆರೆ ಎಳೆದರೆ ಕಣದಲ್ಲಿ ಸುರಿದ ಜೋಳದ ರಾಶಿಯ ಒಂದು ಮಗ್ಗುಲಿನಂತೆ ಕಾಣುತ್ತದೆ. ಕಾಂಪೌಂಡಿನದು ಥಟ್ಟನೆ ಏರಿ, ಬಹಳ ಹೊತ್ತು ಸಮತಟ್ಟಾಗಿ ಸಾಗಿ, ಕೊನೆಗೆ ಇಳಿಯುವ ಕಟ್ಟೆ. ಗೆರೆಯ ಕೆಳಗಿನ ಜಾಗವೇ ಬಿಲ್ಲು ಕೂಡಿಟ್ಟ ಶಕ್ತಿ. ಎತ್ತರ ಒಂದೇ ಆದರೂ ರಾಶಿಗಿಂತ ಕಟ್ಟೆ ಹೆಚ್ಚು ಜಾಗ ತಿನ್ನುತ್ತದೆ.

ಐವತ್ತು ವರ್ಷಗಳ ಕಾಲ ಎಂಜಿನಿಯರುಗಳು ಈ ಕಟ್ಟೆಯನ್ನು ಅಗಲ ಮಾಡುತ್ತ ಬಂದರು. ಇಳಿಯುವ ಭಾರ ಅರ್ಧದಿಂದ ಶುರುವಾಗಿ 65, 80, ಈಗ ಕೆಲವು ಬಿಲ್ಲುಗಳಲ್ಲಿ 90ರವರೆಗೆ ಬಂದು ನಿಂತಿದೆ. ಬಾಣದ ವೇಗವೂ ಏರಿತು. ಕಂಪನಿಗಳು ಕ್ಯಾಟಲಾಗಿನಲ್ಲಿ ದೊಡ್ಡ ಅಕ್ಷರದಲ್ಲಿ ಹಾಕುವುದು ಆ ವೇಗವನ್ನೇ. ನನ್ನ ಅಭಿಪ್ರಾಯದಲ್ಲಿ ಮುಂದಿನ ವರ್ಷಗಳಲ್ಲಿ ಅತಿ ಕಡಿಮೆ ಬದಲಾಗುವ ಸಂಗತಿಯೂ ಅದೇ. ಯಾಕೆಂದು ನೀವೇ ಲೆಕ್ಕ ಹಾಕಿ ನೋಡಬಹುದು.

ಕ್ಯಾಟಲಾಗಿನ ವೇಗವನ್ನು ಅಳೆಯಲು ರೂಢಿಯಲ್ಲಿರುವ ಕ್ರಮ ಹೀಗಿದೆ: 70 ಪೌಂಡಿನ ಬಿಲ್ಲು, 30 ಇಂಚಿನ ಎಳೆತ, 350 ಗ್ರೇನ್ ತೂಕದ ಬಾಣ. ಗ್ರೇನ್ ಎಂದರೆ ಕಾಳು; ನಮ್ಮ ಅಕ್ಕಸಾಲಿಗರ ಗುಲಗಂಜಿಯ ಹಾಗೆ ಅದು ಅವರ ಹಳೆಯ ತೂಕ. 350 ಗ್ರೇನ್ ಎಂದರೆ 22.7 ಗ್ರಾಂ, ಹಳೆಯ ಲೆಕ್ಕದ ಎರಡು ತೊಲಕ್ಕೆ ತುಸು ಕಡಿಮೆ. ಇಂತಹ ಬಾಣವನ್ನು ಇಂದಿನ ಒಳ್ಳೆಯ ಬಿಲ್ಲು ಸೆಕೆಂಡಿಗೆ ಸುಮಾರು 105 ಮೀಟರ್ ವೇಗದಲ್ಲಿ ಬಿಡುತ್ತದೆ. ಆಗ ಬಾಣದಲ್ಲಿರುವ ಶಕ್ತಿ ಸುಮಾರು 125 ಜೂಲ್. ಇದನ್ನು 115 ಮೀಟರಿಗೆ ಏರಿಸಬೇಕು ಎನ್ನೋಣ. ವೇಗ ಏರಿದ್ದು ಹತ್ತಂಶವಷ್ಟೇ. ಶಕ್ತಿ ವೇಗದ ವರ್ಗದಂತೆ ಏರುವುದರಿಂದ ಬೇಕಾಗುವುದು ನೂರಕ್ಕೆ 20ರಷ್ಟು ಹೆಚ್ಚು. ಅಂದರೆ 70 ಪೌಂಡಿನ ಬಿಲ್ಲು 84 ಪೌಂಡಿನದಾಗಬೇಕು. ಎಳೆಯುವ ತೋಳು ಮಾತ್ರ ಹಳೆಯದೇ. ಬಿಲ್ಲು ಕೂಡಿಟ್ಟ ಶಕ್ತಿಯಲ್ಲಿ ನೂರಕ್ಕೆ 80ಕ್ಕೂ ಹೆಚ್ಚು ಈಗಾಗಲೇ ಬಾಣಕ್ಕೆ ತಲುಪುತ್ತಿದೆ. ಉಳಿದದ್ದನ್ನೂ ಒಂದು ಹನಿ ಚೆಲ್ಲದಂತೆ ದಾಟಿಸಿದರೂ ವೇಗ ಏರುವುದು ಹತ್ತಂಶದ ಆಚೀಚೆ. ಹಾಗೆ ದಾಟಿಸಲು ಆಗುವುದೂ ಇಲ್ಲ, ಯಾಕೆಂದರೆ ಬಿಲ್ಲಿನ ತೋಳಿಗೂ ಹೆದೆಗೂ ತೂಕವಿದೆ. ಅವು ತಾವೂ ಓಡಬೇಕು.

ಬರೀ ವೇಗವೇ ಬೇಕೆನ್ನುವವರು ಅಡ್ಡಬಿಲ್ಲಿನ ಕಡೆ ಹೋಗಿಯಾಗಿದೆ. ಅಲ್ಲಿ ಹೆದೆಯನ್ನು ಹ್ಯಾಂಡಲ್ ತಿರುಗಿಸಿ ಎಳೆದು ಕೊಕ್ಕೆಗೆ ಸಿಕ್ಕಿಸಿಡುತ್ತಾರೆ. ತೋಳಿನ ಮಿತಿ ಲೆಕ್ಕಕ್ಕಿಲ್ಲ. ಸೆಕೆಂಡಿಗೆ 150 ಮೀಟರ್ ದಾಟಿದ ಅಡ್ಡಬಿಲ್ಲುಗಳು ಮಾರುಕಟ್ಟೆಯಲ್ಲಿವೆ. ಅದು ಬಿಲ್ಲೋ, ಬಂದೂಕಿನ ತಮ್ಮನೋ ಎಂಬ ಜಗಳ ಬೇಟೆಗಾರರಲ್ಲೇ ಇದೆ. ನಾನು ತಮ್ಮನೆನ್ನುವವರ ಕಡೆ.

ಹಾಗಾದರೆ ಕೈಯಲ್ಲಿ ಹಿಡಿಯುವ ಬಿಲ್ಲು ಎತ್ತ ಹೋಗುತ್ತದೆ? ಮೊದಲು ಸದ್ದಿನ ಕಡೆಗೆ. ಇದನ್ನು ಬೇಟೆಯ ಕಣ್ಣಿನಿಂದ, ನಿಜವಾಗಿ ಹೇಳಬೇಕೆಂದರೆ ಅದರ ಕಿವಿಯಿಂದ ನೋಡಬೇಕು. ಬೇಟೆಗಾರರು ನಿಜದಲ್ಲಿ ಬಳಸುವುದು ಕ್ಯಾಟಲಾಗಿನದಕ್ಕಿಂತ ಭಾರದ ಬಾಣ. ಅದರ ವೇಗ 90 ಮೀಟರ್ ಎಂದುಕೊಳ್ಳಿ. ಜಿಂಕೆ 30 ಮೀಟರ್ ದೂರದಲ್ಲಿ ನಿಂತಿದೆ. ಬಾಣಕ್ಕೆ ಅಲ್ಲಿಗೆ ತಲುಪಲು ಸೆಕೆಂಡಿನ ಮೂರನೆಯ ಒಂದು ಭಾಗ ಬೇಕು. ಹೆದೆಯ ಟಂಕಾರ ಸೆಕೆಂಡಿಗೆ 340 ಮೀಟರ್ ಓಡುವುದರಿಂದ ಹತ್ತನೆಯ ಒಂದು ಭಾಗದೊಳಗೇ ಕಿವಿಗೆ ಮುಟ್ಟುತ್ತದೆ. ನಡುವೆ ಉಳಿಯುವುದು ಸುಮಾರು ಕಾಲು ಸೆಕೆಂಡ್. ಬೆಚ್ಚಿದ ಜಿಂಕೆ ಜಿಗಿಯುವ ಮೊದಲು ಕಾಲು ಮಡಿಸಿ ಕುಗ್ಗುತ್ತದೆ. ಅಷ್ಟರಲ್ಲಿ ಅದರ ಬೆನ್ನು ಒಂದು ಗೇಣಿನಷ್ಟು ಕೆಳಗಿಳಿದಿರಬಹುದು. ಬಾಣ ಮೇಲಿನಿಂದ ಹಾದುಹೋದರೆ ಇಬ್ಬರಿಗೂ ಒಳ್ಳೆಯದು. ಬೆನ್ನಿಗೆ ತಾಗಿ ಗಾಯವಷ್ಟೇ ಆದರೆ ಅದು ನರಕ. ಬಾಣದ ಏಟು ಗುಂಡಿನ ಏಟಿನಂತಲ್ಲ. ಅಲಗು ಕೊಯ್ದು, ರಕ್ತ ಹರಿದೇ ಪ್ರಾಣಿ ಸಾಯಬೇಕು. ಕೊಯ್ಯಬೇಕಾದ ಜಾಗ ತಪ್ಪಿದರೆ ಅದು ಮೈಲುಗಟ್ಟಲೆ ಓಡಿ ಪೊದೆಯಲ್ಲಿ ನರಳುತ್ತದೆ.

ಬಾಣದ ವೇಗವನ್ನು 105 ಮೀಟರಿಗೆ ಏರಿಸಿದರೆ ಆಗುವ ಉಳಿತಾಯ ಸೆಕೆಂಡಿನ ಇಪ್ಪತ್ತನೆಯ ಒಂದು ಭಾಗವಷ್ಟೇ. ಅದೇ ಸದ್ದನ್ನು ಅಡಗಿಸಿಬಿಟ್ಟರೆ ಪ್ರಾಣಿ ಬೆಚ್ಚುವುದೇ ಇಲ್ಲ. ಆದ್ದರಿಂದ ರಬ್ಬರ್ ತುಂಡುಗಳು, ಕಂಪನ ನುಂಗುವ ಭಾರಗಳು, ಕಾರ್ಬನ್ನಿನಿಂದ ಎರಕ ಹೊಯ್ದ ಹಿಡಿಗಳು ಬಂದಿವೆ, ಇನ್ನೂ ಬರುತ್ತವೆ. ಸದ್ದು ಎಂದರೆ ಬಾಣಕ್ಕೆ ಸೇರದೆ ಚೆಲ್ಲಿದ ಶಕ್ತಿ ತಾನೆ? ಭಾರದ ಬಾಣ ಹೆಚ್ಚು ಶಕ್ತಿ ಹೀರಿಕೊಳ್ಳುವುದರಿಂದ ಬಿಲ್ಲು ತಾನಾಗಿಯೇ ಮೆತ್ತಗಾಗುತ್ತದೆ. ಬಾಣವೇ ಇಲ್ಲದೆ ಹೆದೆ ಬಿಟ್ಟರೆ ಚೆಲ್ಲಿದ್ದೆಲ್ಲ ಬಿಲ್ಲಿಗೇ ತಿರುಗಿ, ಅದರ ತೋಳು ಸೀಳಬಹುದು, ಹೆದೆ ಹರಿಯಬಹುದು. ಅಂಗಡಿಯಲ್ಲಿ ಖಾಲಿ ಬಿಲ್ಲು ಎಳೆದು ಬಿಡುವ ಹುಡುಗರನ್ನು ಅಂಗಡಿಯವರು ಗದರಿಸುವುದು ಅದಕ್ಕೇ.

ಇನ್ನು ಕಣ್ಣಿನ ವಿಷಯ. ನಿಜವಾದ ಬದಲಾವಣೆ ನಡೆಯುತ್ತಿರುವುದು ಇಲ್ಲಿ.

ಬಾಣ ನೇರ ಹೋಗುವುದಿಲ್ಲ, ಬೀಳುತ್ತ ಹೋಗುತ್ತದೆ. 90 ಮೀಟರ್ ವೇಗದ ಬಾಣ 30 ಮೀಟರ್ ದಾಟುವಷ್ಟರಲ್ಲಿ ಅರ್ಧ ಮೀಟರಿಗಿಂತ ಹೆಚ್ಚು ಇಳಿದಿರುತ್ತದೆ. ಬಿಲ್ಲುಗಾರ ಅದನ್ನು ಲೆಕ್ಕ ಹಾಕಿ ತುಸು ಮೇಲಕ್ಕೆ ಹಿಡಿಯುತ್ತಾನೆ. ಆದರೆ 30 ಎಂದುಕೊಂಡದ್ದು 35 ಆಗಿದ್ದರೆ ಬಾಣ ಸುಮಾರು 10 ಸೆಂಟಿಮೀಟರ್ ಕೆಳಗೆ ತಾಗುತ್ತದೆ. 50 ಎಂದುಕೊಂಡದ್ದು 55 ಆದರೆ 17 ಸೆಂಟಿಮೀಟರ್. ಬಯಲಿನಲ್ಲಿ ದೂರ ಅಂದಾಜು ಮಾಡುವುದು ಎಷ್ಟು ಮೋಸದ ಕೆಲಸ ಎಂದು ಕೊಪ್ಪಳದ ಎರೆಭೂಮಿಯಲ್ಲಿ ನಿಂತು ನೋಡಿದವರಿಗೆ ಗೊತ್ತು: ಗಿಡವಿಲ್ಲ, ಬೇಲಿಯಿಲ್ಲ, ಎದುರಿಗೆ ನಿಂತದ್ದು ಹತ್ತಿರವೋ ದೂರವೋ ತಿಳಿಯುವುದಿಲ್ಲ. ಅಂದಿನ ಬೇಡರಿಗೆ ಈ ಅಂದಾಜು ಬಾಲ್ಯದಿಂದ ಕಲಿತ ವಿದ್ಯೆ. ಇಂದು ಅದನ್ನು ಲೇಸರ್ ಮಾಡುತ್ತದೆ. 2018ರಲ್ಲಿ ಗಾರ್ಮಿನ್ ಕಂಪನಿ ತಂದ ಗುರಿಕಣ್ಣಿನಲ್ಲಿ ಗುಂಡಿ ಒತ್ತಿದರೆ ಸಾಕು. ಲೇಸರ್ ದೂರ ಅಳೆಯುತ್ತದೆ, ಆ ದೂರಕ್ಕೆ ಸರಿಯಾದ ಜಾಗದಲ್ಲಿ ಬೆಳಕಿನ ಚುಕ್ಕೆ ಮೂಡುತ್ತದೆ. ಚುಕ್ಕೆಯನ್ನು ಗುರಿಯ ಮೇಲಿಟ್ಟು ಬಿಡುವುದಷ್ಟೇ ಬಿಲ್ಲುಗಾರನ ಪಾಲಿಗೆ ಉಳಿದದ್ದು.

ಇದರ ಮುಂದಿನ ಹೆಜ್ಜೆಗಳನ್ನು ಊಹಿಸುವುದು ಕಷ್ಟವಲ್ಲ. ಬೇಕಾದ ಬಿಡಿಭಾಗಗಳು ಎಲ್ಲರ ಮೊಬೈಲಿನಲ್ಲೂ ಇವೆ. ಬಿಲ್ಲು ಎಷ್ಟು ಓರೆಯಾಗಿದೆ, ಎಷ್ಟು ನಡುಗುತ್ತಿದೆ ಎಂದು ಹೇಳುವ ಸಂವೇದಕಗಳನ್ನು ಅಭ್ಯಾಸಕ್ಕಾಗಿ ಈಗಲೇ ಅಂಟಿಸಿಕೊಳ್ಳುತ್ತಾರೆ. ಬಾಣದ ಹಿಂತುದಿಯಲ್ಲಿ ದೀಪ ಹೊತ್ತಿಕೊಳ್ಳುತ್ತದೆ. ಬಿದ್ದ ಬಾಣವನ್ನು ರೇಡಿಯೊ ಸಂಕೇತದಿಂದ ಹುಡುಕುವ ಸಾಧನಗಳೂ ಬಂದಿವೆ. ಗುರಿಕಣ್ಣಿಗೆ ಕ್ಯಾಮೆರಾ ಸೇರಿದರೆ ಪ್ರಾಣಿ ಯಾವ ಮಗ್ಗುಲಿಗೆ ತಿರುಗಿದೆ, ನಡುವೆ ಕೊಂಬೆ ಅಡ್ಡ ಇದೆಯೇ ಎಂದು ಯಂತ್ರವೇ ನೋಡಬಲ್ಲದು. ನನಗೆ ಕುತೂಹಲ ಹುಟ್ಟಿಸುವ ಸಾಧ್ಯತೆ ಇದರ ತಿರುವುಮುರುವು: ದೂರ ಹೆಚ್ಚಿದ್ದರೆ, ಕೈ ನಡುಗುತ್ತಿದ್ದರೆ ಚುಕ್ಕೆಯನ್ನು ಆರಿಸಿಯೇಬಿಡುವ ಗುರಿಕಣ್ಣು. ಹೊಡೆ ಎನ್ನುವ ಯಂತ್ರವೇ ಬೇಡ ಎಂದೂ ಹೇಳಬಹುದಲ್ಲ? ಅದನ್ನು ದುಡ್ಡು ಕೊಟ್ಟು ಯಾರು ಕೊಳ್ಳುತ್ತಾರೆ ಎಂಬುದು ಬೇರೆ ಮಾತು.

ಆದರೆ ಇವೆಲ್ಲ ಬರುತ್ತವೆಯೋ ಇಲ್ಲವೋ ಎಂದು ತೀರ್ಮಾನಿಸುವುದು ಪ್ರಯೋಗಾಲಯವಲ್ಲ, ನಿಯಮಪುಸ್ತಕ. ಅದಕ್ಕೊಂದು ಸ್ವಾರಸ್ಯದ ಹಿನ್ನೆಲೆಯಿದೆ. 1911ರಲ್ಲಿ ಕ್ಯಾಲಿಫೋರ್ನಿಯಾದ ಓರೋವಿಲ್ ಎಂಬ ಊರಿಗೆ ಯಾಹಿ ಬುಡಕಟ್ಟಿನ ಒಬ್ಬ ಮನುಷ್ಯ ಕಾಡಿನಿಂದ ಹೊರಬಂದ. ತನ್ನವರೆಲ್ಲ ಸತ್ತು ಅವನೊಬ್ಬನೇ ಉಳಿದಿದ್ದ. ಇಶಿ ಎಂದು ಕರೆದರು. ಅವರ ಭಾಷೆಯಲ್ಲಿ ಮನುಷ್ಯ ಎಂದೇ ಅದರ ಅರ್ಥ. ಅವನಿಗೆ ವೈದ್ಯನಾಗಿದ್ದ ಸ್ಯಾಕ್ಸ್ಟನ್ ಪೋಪ್ ಅವನಿಂದಲೇ ಬಿಲ್ಲುವಿದ್ಯೆ ಕಲಿತು, ಗೆಳೆಯ ಆರ್ಟ್ ಯಂಗ್ ಜೊತೆ ಸೇರಿ ಬೇಟೆಯಾಡಿದ. ಅಮೆರಿಕದಲ್ಲಿ ಬಿಲ್ಲುಬೇಟೆಯ ಹೊಸ ಹುಚ್ಚು ಹತ್ತಿದ್ದು ಅಲ್ಲಿಂದ. 1934ರಲ್ಲಿ ವಿಸ್ಕಾನ್ಸಿನ್ ರಾಜ್ಯ ಬಿಲ್ಲುಗಾರರಿಗೆಂದೇ ಜಿಂಕೆ ಬೇಟೆಯ ಕಾಲವನ್ನು ಗೊತ್ತುಮಾಡಿತು. ಮುಂದೆ ಉಳಿದ ರಾಜ್ಯಗಳೂ ಅದೇ ದಾರಿ ಹಿಡಿದವು. ಬಂದೂಕಿನವರಿಗಿಂತ ಬಿಲ್ಲಿನವರಿಗೆ ಹೆಚ್ಚು ದಿನ ಕೊಡುವ ಪದ್ಧತಿಗೆ ಇರುವ ಸಮರ್ಥನೆ ಒಂದೇ: ಬಿಲ್ಲಿನಿಂದ ಹೊಡೆಯುವುದು ಕಷ್ಟ, ಹಾಗಾಗಿ ಪ್ರಾಣಿಗಳ ಸಂಖ್ಯೆಗೆ ಧಕ್ಕೆಯಿಲ್ಲ.

ಇಕ್ಕಟ್ಟು ಅಲ್ಲೇ ಇದೆ. ಬಿಲ್ಲನ್ನು ಸುಲಭ ಮಾಡುತ್ತ ಹೋದಂತೆ ಬಿಲ್ಲುಗಾರನಿಗೆ ಸಿಕ್ಕಿರುವ ದಿನಗಳ ಸಮರ್ಥನೆಯೇ ಸವೆಯುತ್ತದೆ. ಪೋಪ್ ಮತ್ತು ಯಂಗ್ ಹೆಸರಿನಲ್ಲಿ 1961ರಲ್ಲಿ ಹುಟ್ಟಿದ ಸಂಸ್ಥೆ ಬಿಲ್ಲುಬೇಟೆಯ ದಾಖಲೆಗಳನ್ನು ಇಡುತ್ತದೆ. ಬಿಲ್ಲಿನ ಮೇಲೆ ದೂರ ಅಳೆಯುವ ವಿದ್ಯುನ್ಮಾನ ಗುರಿಕಣ್ಣು ಇದ್ದರೆ ಅದರ ದಾಖಲೆಪುಸ್ತಕಕ್ಕೆ ಪ್ರವೇಶವಿಲ್ಲ. ದೀಪದ ಬಾಣಕ್ಕೆ ಮಾತ್ರ ಬಹಳ ಜಗ್ಗಾಡಿ ಒಪ್ಪಿಗೆ ಸಿಕ್ಕಿತು, ಅದು ಗುರಿಗೆ ನೆರವಾಗದೆ ಬಾಣ ಹುಡುಕಲಿಕ್ಕಷ್ಟೇ ಉಪಯೋಗ ಎಂಬ ಕಾರಣಕ್ಕೆ. ಬ್ರಿಟನ್ನಿನಲ್ಲಂತೂ ಬಿಲ್ಲಿನ ಬೇಟೆಯೇ ನಿಷಿದ್ಧ. ಕಂಪನಿಗಳು ಏನನ್ನು ಕಂಡುಹಿಡಿಯುತ್ತವೆ ಎನ್ನುವುದಕ್ಕಿಂತ ಯಾವುದನ್ನು ಮಾರಲು ಬಿಡುತ್ತಾರೆ ಎನ್ನುವುದನ್ನು ಗಮನಿಸಿದರೆ ಮುಂದಿನ ಹತ್ತು ವರ್ಷದ ಬಿಲ್ಲು ಹೆಚ್ಚು ಸ್ಪಷ್ಟವಾಗಿ ಕಾಣುತ್ತದೆ.

ನಮ್ಮ ನಿಯಮಪುಸ್ತಕ ಇನ್ನೂ ಚಿಕ್ಕದು. ಯಲಬುರ್ಗಾ, ಕುಕನೂರು ಕಡೆ ಕೃಷ್ಣಮೃಗದ ಹಿಂಡು ಬಿದ್ದು ಮೊಳಕೆಯೊಡೆದ ಬೆಳೆ ಹಾಳಾದಾಗ, ಬಂದೂಕು ಬೇಡ, ಸದ್ದಿಲ್ಲದ ಬಿಲ್ಲಾದರೆ ನಡೆದೀತೇ ಎಂದು ಚಹಾದಂಗಡಿಯಲ್ಲಿ ಯಾರಾದರೂ ತಮಾಷೆಗೆ ಕೇಳಬಹುದು. ನಡೆಯುವುದಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಆಯುಧ ಎಂದರೇನು ಎಂದು ಪಟ್ಟಿ ಮಾಡುವಾಗ ಬಂದೂಕು, ವಿಷ, ಉರುಳು, ಬಲೆಗಳ ಜೊತೆ ಬಿಲ್ಲುಬಾಣವನ್ನೂ ಹೆಸರಿಸಿದೆ. ಬೇಟೆಯ ಬಿಲ್ಲು ಈ ನಾಡಿನಲ್ಲಿ ಉಳಿದಿರುವುದು ಕಲ್ಲಿನಲ್ಲಿ ಮತ್ತು ಕಥೆಯಲ್ಲಿ. ಆನೆಗೊಂದಿಯ ಚಿಂತಾಮಣಿಯಲ್ಲಿ, ರಾಮ ವಾಲಿಯ ಮೇಲೆ ಬಾಣ ಬಿಟ್ಟ ಜಾಗ ಇದೇ ಎಂದು ತೋರಿಸುತ್ತಾರೆ. ಮರೆಯಲ್ಲಿ ನಿಂತು ಹೊಡೆದದ್ದು ಸರಿಯೇ ಎಂಬ ಚರ್ಚೆ ಅಂದಿನಿಂದಲೂ ನಿಂತಿಲ್ಲ. ನ್ಯಾಯದ ಬೇಟೆ ಯಾವುದು ಎಂದು ಅಮೆರಿಕದವರು ಜಗಳವಾಡುವುದಕ್ಕೆ ಬಹಳ ಮೊದಲೇ ನಾವು ಶುರುಮಾಡಿದ್ದೆವು.

ಆದರೂ ಕಾಂಪೌಂಡ್ ಬಿಲ್ಲು ನಮಗೆ ಹೊರಗಿನದೇನಲ್ಲ. ಬೇಟೆಗೆಂದು ಹುಟ್ಟಿದ ಯಂತ್ರ ಇಲ್ಲಿಗೆ ಆಟವಾಗಿ ಬಂದಿದೆ. ವಿಜಯವಾಡದ ಜ್ಯೋತಿ ಸುರೇಖಾ ವೆಣ್ಣಂ 2023ರಲ್ಲಿ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಗೆದ್ದ ಮೂರು ಚಿನ್ನವೂ ಕಾಂಪೌಂಡಿನಲ್ಲಿ ಬಂದವು. ಒಲಿಂಪಿಕ್ಸಿನಲ್ಲಿ ಈವರೆಗೆ ರಾಟೆಯಿಲ್ಲದ ಬಿಲ್ಲಿಗೆ ಮಾತ್ರ ಜಾಗವಿತ್ತು. 2028ರ ಲಾಸ್ ಏಂಜಲೀಸ್ ಕೂಟಕ್ಕೆ ಕಾಂಪೌಂಡಿನ ಮಿಶ್ರ ತಂಡದ ಸ್ಪರ್ಧೆ ಸೇರಿದೆ. ಅಲ್ಲಿಯೂ ಬಿಲ್ಲಿನ ಮೇಲೆ ವಿದ್ಯುನ್ಮಾನ ಸಾಧನ ಕೂಡದು, ಭಾರ 60 ಪೌಂಡ್ ದಾಟಬಾರದು. ಓರೆ ರಾಟೆ ಏನು ಮಾಡಬಲ್ಲದು ಎಂದು ಇನ್ನೂ ಅನುಮಾನವಿದ್ದರೆ ಶೀತಲ್ ದೇವಿಯ ವಿಡಿಯೊ ನೋಡಿ. ಎರಡು ಕೈಯೂ ಇಲ್ಲದ ಈ ಹುಡುಗಿ ಕಾಲಿನಲ್ಲಿ ಬಿಲ್ಲು ಹಿಡಿದು, ಭುಜದಿಂದ ಹೆದೆ ಎಳೆದು, 2024ರ ಪ್ಯಾರಿಸ್ ಪ್ಯಾರಾಲಿಂಪಿಕ್ಸಿನಲ್ಲಿ ರಾಕೇಶ್ ಕುಮಾರ್ ಜೊತೆ ಕಂಚು ಗೆದ್ದಳು. ಕೊನೆಯಲ್ಲಿ ಭಾರ ಇಳಿಯುವ ಬಿಲ್ಲು ಆಗಿರುವುದರಿಂದಲೇ ಹಾಗೆ ಎಳೆದು ಹಿಡಿದು ಗುರಿ ನೋಡಲು ಬಿಡುವು ಸಿಗುತ್ತದೆ. ಬೇಟೆಯ ಉಪಕರಣ ಕೊಲ್ಲದೆಯೂ ಕೆಲಸಕ್ಕೆ ಬರುತ್ತದೆ ಎಂಬುದಕ್ಕೆ ಇನ್ನೊಂದು ಉದಾಹರಣೆ ಕಡಲಿನದು: ತಿಮಿಂಗಿಲದ ಚರ್ಮದ ಚಿಕ್ಕ ಚೂರನ್ನು ತಪಾಸಣೆಗೆ ತೆಗೆಯಲು ಸಂಶೋಧಕರು ಅಡ್ಡಬಿಲ್ಲಿನಿಂದ ತೇಲುವ ಬಾಣ ಬಿಡುತ್ತಾರೆ.

ಬಳ್ಳಾರಿ, ರಾಯಚೂರಿನಲ್ಲಿ ಯಾರಾದರೂ ಈ ಬಿಲ್ಲು ಕೊಂಡರೆ ಅವರಿಗೆ ಬೇಕಾಗುವ ಸುಧಾರಣೆ ಲೇಸರ್ ಅಲ್ಲ, ಹೆದೆ. ಈಗಿನ ಹೆದೆಗಳು ಪಾಲಿಎಥಿಲೀನ್ ಜಾತಿಯ ನಾರಿನವು. ತೂಕಕ್ಕೆ ಹೋಲಿಸಿದರೆ ಉಕ್ಕಿಗಿಂತ ಗಟ್ಟಿ. ಆದರೆ ಬಿಸಿ ತಾಗಿದರೆ ಎಳೆತಕ್ಕೆ ಸಿಕ್ಕ ನಾರು ನಿಧಾನವಾಗಿ ಉದ್ದವಾಗುತ್ತದೆ, ಮತ್ತೆ ಮೊದಲಿನಂತಾಗುವುದಿಲ್ಲ. ಒಂದೆರಡು ಮಿಲಿಮೀಟರ್ ಉದ್ದವಾದರೂ ಮೇಲಿನ ರಾಟೆ, ಕೆಳಗಿನ ರಾಟೆ ಒಟ್ಟಿಗೆ ಸುತ್ತುವುದಿಲ್ಲ. ಮೇ ತಿಂಗಳಲ್ಲಿ 42 ಡಿಗ್ರಿ ಬಿಸಿಲಿಗೆ ಕಿಟಕಿ ಮುಚ್ಚಿ ನಿಲ್ಲಿಸಿದ ಕಾರಿನೊಳಗೆ ಬಿಲ್ಲು ಬಿಟ್ಟರೆ ಹೆದೆಯ ಜೊತೆಗೆ ತೋಳಿನ ಪದರಗಳ ಅಂಟೂ ಬಿಡಬಹುದು. ಕಾರ್ಬನ್ ಬಾಣದ್ದು ಇನ್ನೊಂದು ಪೇಚು: ಕಣ್ಣಿಗೆ ಕಾಣದ ಬಿರುಕು ಬಿದ್ದಿದ್ದರೆ ಬಿಡುವಾಗಲೇ ಸಿಡಿದು ಸಿಬಿರು ಅಂಗೈ ಹೊಕ್ಕುತ್ತದೆ. ಪ್ರತಿ ಬಾಣವನ್ನೂ ಬಗ್ಗಿಸಿ, ಕಿವಿಗೆ ಹಿಡಿದು, ಚಟಪಟ ಸದ್ದು ಬರುತ್ತದೆಯೇ ಎಂದು ಕೇಳಿಯೇ ಹೂಡಬೇಕು. ಬಿಸಿಲು ತಡೆಯುವ ಹೆದೆ, ಬಿರುಕನ್ನು ತಾನೇ ತೋರಿಸುವ ಬಾಣ ಬಂದರೆ ಅದನ್ನು ಪ್ರಗತಿ ಎನ್ನಬಹುದು.

ಆಮೇಲೆ ರಿಪೇರಿ. ಕಾಂಪೌಂಡಿನ ಹೆದೆಯನ್ನು ಕೈಯಿಂದ ಬದಲಿಸಲು ಆಗದು. ತೋಳುಗಳನ್ನು ಸಮನಾಗಿ ಒತ್ತಿ ಹಿಡಿಯುವ ಪ್ರೆಸ್ ಬೇಕು. ಪ್ರೆಸ್ ಇಲ್ಲದೆ, ಬರೀ ಸ್ಕ್ರೂ ತಿರುಗಿಸಿ ರಾಟೆಯನ್ನು ಸರಿಹೊಂದಿಸುವ ವ್ಯವಸ್ಥೆ ಕೆಲವು ಬಿಲ್ಲುಗಳಿಗೆ ಬಂದಿದೆ, ಹೆಚ್ಚಬೇಕಾದದ್ದು ಇಂಥದ್ದು. ಕಮಾನು ಕಟ್ಟುವ ಮೇಸ್ತ್ರಿಯೊಬ್ಬರಿಗೆ ಇದನ್ನೆಲ್ಲ ಮೊಬೈಲಿನಲ್ಲಿ ತೋರಿಸಿದೆ. ವೇಗದ ವಿಡಿಯೊಗಳನ್ನು ಅವರು ಬೆರಳಿನಿಂದ ಮುಂದಕ್ಕೆ ತಳ್ಳಿದರು. ಪ್ರೆಸ್ ಬಂದಾಗ ಮಾತ್ರ ತಡೆದು ನೋಡಿದರು.

“ಇಂಥದ್ದು ನನ್ನ ಹತ್ತಿರವೂ ಇದೆಯಲ್ಲ ಸರ್” ಎಂದು ಮೂಲೆಯಲ್ಲಿದ್ದ, ಗ್ರೀಸ್ ಮೆತ್ತಿದ ಹೈಡ್ರಾಲಿಕ್ ಪ್ರೆಸ್ ತೋರಿಸಿದರು. “ತನ್ನಿ, ಹೆದೆ ಹಾಕಿಕೊಡುತ್ತೇನೆ.”

“ಅದರಲ್ಲಿ ಇಟ್ಟರೆ ಬಿಲ್ಲು ಪುಡಿಯಾಗುತ್ತದೆ, ಮೇಸ್ತ್ರಿ.”

“ಪುಡಿಯಾದರೆ ಪಟ್ಟಿ ಹಾಕೋಣ” ಎಂದು ನಕ್ಕು, ಲಾರಿಯ ಕೆಳಗೆ ತೂರಿಕೊಂಡರು.